ಹಿಂದಿನ ಬೋಲ್ಟು

ಮಾಳಿಂಗ,

ನಾ ಏಳರ ಬಸ್ಸಿಗೆ ಹುಬ್ಬಳ್ಳಿಗೆ ಹೊಂಟೀನಿ, ಹೊಸಾ ಸ್ಟಾರ್ಟರ್ ಮೋಟರ್ ತರಾಕ. ಅಷ್ಟರಾಗ ರಿಸಾರ್ಟಿನವರ ಎಟಿವಿ, ಆ ನಾಲ್ಕು ಗಾಲಿ ಬೈಕಿನಿಂದ ಹಳೇದನ್ನ ಬಿಚ್ಚಿಡು.

ಮೊದಲ ಬ್ಯಾಟರಿ ವೈರ್ ತಗಿ. ಹೋದ ಸಲ ಕಿಡಿ ಹಾರಿದ್ದು ಮರಿಬ್ಯಾಡ.

ಮೋಟರಿನ ಮುಂದಿನ ಬೋಲ್ಟು ಕಣ್ಣಿಗೆ ಕಾಣ್ತೈತಿ. ಹಿಂದಿಂದು ಕಾಣಂಗಿಲ್ಲ, ಮ್ಯಾಲಿಂದ ನಿನ್ನ ಕೈನೂ ಹೋಗಂಗಿಲ್ಲ. ಎಡಗಡೆ ಹಿಂದಿನ ಗಾಲಿ ಬಿಚ್ಚಿ, ಆ ಸಂದ್ಯಾಗಿಂದ ಉದ್ದನ್ನ ರಾಡಿಗೆ ಸಾಕೆಟ್ ಪಾನಾ ಹಾಕಿ ತೂರಿಸು. ನಿನ್ನೆ ಸಂಜೀಕನ ಬೋಲ್ಟಿಗೆ ಎಣ್ಣಿ ಬಿಟ್ಟೀನಿ, ಈಗ ನೆನೆದಿರ್ತೈತಿ. ಸಾಕೆಟ್ಟಿನೊಳಗ ಚೂರು ಗ್ರೀಸ್ ಹಚ್ಚು, ಬೋಲ್ಟು ಅಂಟ್ಕೊಂಡು ಹೊರಗ ಬರ್ತೈತಿ. ಇಲ್ಲಾಂದ್ರ ಇಂಜಿನ್ ಕೆಳಗ ಬೀಳ್ತೈತಿ, ಅರ್ಧಾ ದಿನ ಹುಡುಕ್ತಿ.

ಬರಲಿಲ್ಲಂದ್ರ ಹತೋಡಿ ಮುಟ್ಟಬ್ಯಾಡ. ಹಂಗ ಬಿಡು, ಮಧ್ಯಾಹ್ನ ಬಂದು ನಾನ ತಗೀತೀನಿ. ಹೋದ ಸಲಾನೂ ನಾನ ತಗದಿದ್ದೆ, ನೀ ಮೊಬೈಲ್ ಟಾರ್ಚ್ ಹಿಡಕೊಂಡು ನಿಂತಿದ್ದಿ. ಆಮ್ಯಾಲೆ ರಿಸಾರ್ಟಿನ ಮ್ಯಾನೇಜರ್ ಮುಂದ, "ಭಾಳ ತ್ರಾಸ್ ಆತ್ರಿ ಸರ, ನನ್ನ ಕೈ ಎಲ್ಲಾ ತರಚಿ ಹೋತ್ರಿ" ಅಂದಿ. ಒಳಗ ಚಾ ಸೋಸಕೋತ ಕೇಳಿದೆ ನಾ.

ಬುಟ್ಟ್ಯಾಗ ರೊಟ್ಟಿ, ಝುಣಕ ಐತಿ. ಗ್ರೀಸ್ ಕೈಲೆ ಬುಟ್ಟಿ ಮುಟ್ಟಬ್ಯಾಡ.

ಹನ್ನೊಂದಕ್ಕ ಪೇಂಟರ್ ಬರ್ತಾನ. ಗ್ಯಾರೇಜಿನ ಬೋರ್ಡಿನ್ಯಾಗ "ಹೊಳೆಯಪ್ಪ ಮತ್ತು ಮಗ" ಅಂತ ಇದ್ದದ್ದನ್ನ ಅಳಿಸಿ, "ಹೊಳೆಯಪ್ಪ ಮತ್ತು ಮಕ್ಕಳು" ಅಂತ ಬರೀತಾನ. ಅಪ್ಪಗ ಹೇಳೀನಿ, ಬ್ಯಾಡ ಅನ್ನಲಿಲ್ಲ. ನೆಲ ಇಳಿಜಾರ ಐತಿ. ಅಂವ ಬರದು ಮುಗಿಸೂತನಕ ನೀ ನಿಚ್ಚಣಿಕಿ ಹಿಡಕೊಂಡು ನಿಂದ್ರು.

— ಅಕ್ಕ