ತಾರೆಮರದ ಸುತ್ತಳತೆ

ಇಡಗುಂದಿ
೨೧-೧೦-೧೯೯೬

ತೀರ್ಥರೂಪ ಅಪ್ಪಯ್ಯನಿಗೆ, ಭಾಗೀರಥಿಯ ನಮಸ್ಕಾರ.

ನಿಮ್ಮ ಪತ್ರ ಬಂತು. ಪೇಪರಿನ ಫೋಟೊದಲ್ಲಿರುವುದು ನಾನೇ. ನಾನು ಹಿಡಿದಿರುವುದು ನಮ್ಮ ಶಾಲೆಯಲ್ಲಿ ಕಸ ಗುಡಿಸುವ ತಿಮ್ಮಿಯ ಕೈಯನ್ನೇ. ನಡುವೆ ಟವೆಲ್ ಹಿಡಿದಿದ್ದೆವು ಎಂದು ನೀವು ನಮ್ಮೂರು ಹುಲಗೋಳದಲ್ಲಿ ಹೇಳುತ್ತಿದ್ದೀರಂತೆ. ಹಾಗೆ ಹೇಳಬೇಡಿ. ಟವೆಲ್ ಇರಲಿಲ್ಲ.

ಭಾನುವಾರ ನಾವು ಟೀಚರುಗಳು ಹಳೆಯ ಮರಗಳನ್ನು ನೋಡಲು ಹೋಗುವುದು ನಿಮಗೆ ಗೊತ್ತು. ಫೋಟೊದಲ್ಲಿರುವ ಆ ತಾರೆಮರವನ್ನು ಎಲ್ಲರೂ ಕೈಕೈ ಹಿಡಿದು ಬಳಸಿದರೂ ಒಬ್ಬರು ಎರಡೂ ಕೈ ಚಾಚಿದಷ್ಟು, ಒಂದು ಮಾರು, ಕಡಿಮೆ ಬಿತ್ತು. ನಮ್ಮ ಜೊತೆ ಬಂದು ದೂರ ನಿಂತಿದ್ದ ತಿಮ್ಮಿಯನ್ನು ಕರೆದೆ. "ಅಕ್ಕೋರೆ, ನಾ ಹಿಡಿದ್ರೆ ಅಡ್ಡಿಲ್ವಾ?" ಎಂದಳು. ನಾನು ಕೈ ಚಾಚಿದೆ. ಬಾವಿಯ ಹಗ್ಗವನ್ನು ಮಾರು ಹಾಕಿ ಅಳೆಯಲು ಚಿಕ್ಕವಳಿದ್ದಾಗ ನನಗೆ ಕಲಿಸಿದವರು ನೀವೇ. ಮಾರಿಗೂ ಜಾತಿ ಉಂಟೆಂದು ಆಗ ಹೇಳಿರಲಿಲ್ಲ.

ದೀಪಾವಳಿಗೆ ಬಂದರೆ ಪಂಚಗವ್ಯ ಕುಡಿದೇ ಒಳಗೆ ಬಾ ಎಂದು ಬರೆದಿದ್ದೀರಿ. ನಾನು ಕುಡಿಯುವುದಿಲ್ಲ. ಜಗುಲಿಯಲ್ಲೇ ಕುಳಿತು, ಹೆತ್ತ ಆಯಿಯನ್ನು ಮಾತಾಡಿಸಿ ವಾಪಸ್ ಬರುತ್ತೇನೆ. ನೆಂಟರು ಕೇಳಿದರೆ ಕಾರಣವನ್ನೂ ಅಲ್ಲಿಂದಲೇ ಹೇಳುತ್ತೇನೆ.

ಮುಂದಿನ ಭಾನುವಾರ ಅರಬೈಲ್ ಘಟ್ಟದ ಕಡೆ ಹೋಗುವವರಿದ್ದೇವೆ. ಅಲ್ಲಿಯ ಮರ ಇದಕ್ಕಿಂತ ದಪ್ಪವಂತೆ, ಇನ್ನೊಂದು ಜೊತೆ ಕೈ ಬೇಕು. ಕಳೆದ ಸಲ ಊರಿಗೆ ಬಂದಾಗ ಆಯಿ ನಮ್ಮ ಮರಗಳ ಸುದ್ದಿ ಕೇಳಿ, "ಆನೂ ಒಂದಿನ ಬರ್ತೆ" ಎಂದಿದ್ದಳು. ಶನಿವಾರ ಅವಳನ್ನು ಯಲ್ಲಾಪುರದ ಬಸ್ಸಿಗೆ ಹತ್ತಿಸಿ. ಮೊಣಕಾಲಿನ ಎಣ್ಣೆಯನ್ನು ಚೀಲದಲ್ಲಿ ಹಾಕಿಕೊಡಿ.

ಅವಳನ್ನು ತಿಮ್ಮಿಯ ಪಕ್ಕದಲ್ಲೇ ನಿಲ್ಲಿಸುತ್ತೇನೆ. ಟವೆಲ್ ಕಳಿಸಬೇಡಿ.

ನಿಮ್ಮ ಮಗಳು,
ಭಾಗೀರಥಿ