ಡಾಕ್ಟರ ಒಂದು ಹೂಂ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ, ನಿನ್ನ ಮೊಂಡಿ ತಂಗಿಯ ನಮಸ್ಕಾರ.

ಪತ್ರ ತಡವಾಯಿತು, ಬೈಯಬೇಡ. ಫೋನಿರುವಾಗ ಪತ್ರವೇಕೆ ಅನ್ನುತ್ತೀಯೇನೋ. ಫೋನಿನಲ್ಲಿ ನಾನು ಒಂದು ಮಾತು ಶುರುಮಾಡುವಷ್ಟರಲ್ಲಿ ನೀನು ಅದನ್ನು ಮುಗಿಸಿಬಿಡುತ್ತೀಯ. ಕಾಗದವಾದರೆ ಮಧ್ಯೆ ಬಾಯಿ ಹಾಕುವುದಕ್ಕೆ ಆಗುವುದಿಲ್ಲ. ಭಾವನ ಆರೋಗ್ಯ ಹೇಗಿದೆ? ಬರೆ.

ಇಲ್ಲಿಯ ಸುದ್ದಿಯೆಂದರೆ ಆಸ್ಪತ್ರೆಯ ಬೋರ್ಡು ಬದಲಾಗಿದೆ. ನಮ್ಮ ಡಾಕ್ಟರು ನಿವೃತ್ತರಾದ ಮೇಲೆ ಈ ಮೂಲೆಗೆ ಬರಲು ಬೇರೆ ಯಾವ ಡಾಕ್ಟರೂ ಒಪ್ಪಲಿಲ್ಲ. ಕೊನೆಗೆ, ಹೆಚ್ಚಿನ ತರಬೇತಿ ಮುಗಿಸಿದ ನನ್ನಂಥ ನರ್ಸುಗಳು ಹಳ್ಳಿಗಳಲ್ಲಿ ತಾವೇ ರೋಗಿಗಳನ್ನು ನೋಡಿ ಔಷಧಿ ಬರೆಯಬಹುದು ಅಂತ ಸರ್ಕಾರ ಅನುಮತಿ ಕೊಟ್ಟಿತು. ವರ್ಷದ ಕೊನೆಯವರೆಗೆ ಇದು ಪ್ರಯೋಗ. ಜನ ಬಂದರೆ ಆಸ್ಪತ್ರೆ ಉಳಿಯುತ್ತದೆ, ಬಾರದಿದ್ದರೆ ಬಾಗಿಲಿಗೆ ಬೀಗ. ಬೋರ್ಡಿನ ಮೇಲೆ ಈಗ ನನ್ನ ಹೆಸರೊಂದೇ ಇದೆ. ಪೇಂಟರ್ ಅಕ್ಷರಗಳನ್ನು ಬಹಳ ದೊಡ್ಡದಾಗಿ ಬರೆದುಬಿಟ್ಟ. ಅದರ ಕೆಳಗೆ ಹಾದು ಒಳಗೆ ಹೋಗುವಾಗ ಈಗಲೂ ತಲೆ ತಗ್ಗಿಸುತ್ತೇನೆ.

ಹಳೆಯ ಪದ್ಧತಿ ನಿನಗೆ ಗೊತ್ತಲ್ಲ. ಡಾಕ್ಟರು ಬರುತ್ತಿದ್ದದ್ದು ಗುರುವಾರ ಮಾತ್ರ. ಉಳಿದ ದಿನ ನಾನು ರೋಗಿಯನ್ನು ನೋಡಿ, ಮೇಜಿನ ಮೇಲೆ ಫೋನಿಟ್ಟು, ಸ್ಪೀಕರ್ ಹಾಕಿ, "ಸರ್, ಹೀಗಿದೆ, ಇದನ್ನ ಕೊಡ್ಲಾ?" ಅನ್ನುತ್ತಿದ್ದೆ. ಆ ಕಡೆಯಿಂದ "ಹೂಂ" ಅಂತ ಬರುತ್ತಿತ್ತು, ಕೆಲವೊಮ್ಮೆ ಬಾಯಲ್ಲಿ ತುತ್ತಿದ್ದಾಗಲೂ. ಅದನ್ನು ಕೇಳಿದ ಕೂಡಲೇ ರೋಗಿಯ ಮುಖ ಅರಳುತ್ತಿತ್ತು. ಆ ಹೂಂ ಕಾನೂನಿಗೆ ಮಾತ್ರ ಬೇಕು ಅಂದುಕೊಂಡಿದ್ದೆ. ರೋಗಕ್ಕೂ ಬೇಕಿತ್ತು ಅನ್ನುವುದು ಈಗ ತಿಳಿಯುತ್ತಿದೆ.

ಮೊದಲ ದಿನವೇ ಗಾರೆ ಮೇಸ್ತ್ರಿ ಬಂದ. ಸಕ್ಕರೆ ಕಾಯಿಲೆಯವನು, ಕಾಲಿನಲ್ಲಿ ಹುಣ್ಣು. ಅದಕ್ಕೆ ಇಷ್ಟು ವರ್ಷ ಪಟ್ಟಿ ಕಟ್ಟಿದ್ದು ಇದೇ ಕೈ. ಔಷಧಿ ಚೀಟಿ ಬರೆದುಕೊಟ್ಟೆ. ಹಿಡಿದುಕೊಂಡು ಕೂತೇ ಇದ್ದ.

"ಸಿಸ್ಟರೇ, ತಪ್ಪು ತಿಳ್ಕೋಬೇಡಿ. ಡಾಕ್ಟ್ರು ಒಂದ್ಸಲ ಹೂಂ ಅಂದ್ಬಿಟ್ರೆ..."

"ಅವರು ರಿಟೈರಾದ್ರಲ್ಲಪ್ಪ."

"ಹೂಂ ಅನ್ನೋಕೂ ರಿಟೈರ್‌ಮೆಂಟಾ?"

ನಗು ಬಂತು, ಫೋನು ಮಾಡಿದೆ. ಡಾಕ್ಟರು ಗಿಡಗಳಿಗೆ ನೀರು ಹಾಕುತ್ತಿದ್ದರಂತೆ. ಪೂರ್ತಿ ಕೇಳಿಸಿಕೊಂಡು, "ಸಿಸ್ಟರ್, ಇಷ್ಟು ವರ್ಷ ನಾನು ಹೂಂ ಅಂದಿದ್ದು ಮುಕ್ಕಾಲು ಪಾಲು ನಿಮಗಲ್ಲ, ಎದುರಿಗೆ ಕೂತವರಿಗೆ. ಇನ್ಮೇಲೆ ಅದನ್ನೂ ನೀವೇ ಅನ್ನಿ," ಎಂದು ಫೋನಿಟ್ಟರು. ಮೇಸ್ತ್ರಿ ನನ್ನ ಮುಖ ನೋಡಿದ. ಗಂಟಲು ಸರಿಮಾಡಿಕೊಂಡು "ಹೂಂ" ಅಂದೆ. ಚೀಟಿ ಮಡಚಿ ಜೇಬಿಗಿಟ್ಟುಕೊಂಡ, ಆದರೆ ಮುಖ ಅರಳಲಿಲ್ಲ.

ಆಮೇಲೆ ಒಂದು ದಿನ ದರ್ಜಿ ಅಮ್ಮ ಎದೆ ಹಿಡಿದುಕೊಂಡು ಬಂದರು. ಬೆವರುತ್ತಿದ್ದರು. ಪರೀಕ್ಷೆ ಮಾಡಿದೆ, ಹೃದಯದ್ದೋ ಅಲ್ಲವೋ ಖಚಿತವಾಗಲಿಲ್ಲ. ಅದನ್ನೇ ಅವರಿಗೆ ಹೇಳಿ, ಆಂಬುಲೆನ್ಸ್ ಕರೆಸಿ ಪಟ್ಟಣಕ್ಕೆ ಕಳಿಸಿದೆ. ಮರುದಿನ ಆರಾಮವಾಗಿ ನಡೆದುಕೊಂಡೇ ಬಂದರು. ಬರೀ ಗ್ಯಾಸು. ಊರಿಗೆ ಊರೇ ನಕ್ಕಿತು. ಕಿರಾಣಿ ಅಂಗಡಿಯವನು "ಸಿಸ್ಟರ್ ಮುಂದೆ ತೇಗಬೇಡ್ರಪ್ಪ, ಆಂಬುಲೆನ್ಸ್ ಕರೆಸ್ತಾರೆ" ಅಂದನಂತೆ. ಅಕ್ಕ, ಡಾಕ್ಟರು ಇದ್ದಿದ್ದರೂ ಕಳಿಸುತ್ತಿದ್ದರು. ಅವರು ಕಳಿಸಿದರೆ ಮುಂಜಾಗ್ರತೆ, ನಾನು ಕಳಿಸಿದರೆ ಪುಕ್ಕಲುತನ. ಆ ವಾರ ಬೆಂಚು ಖಾಲಿ. ಸುಮ್ಮನೆ ಕೂರಲಾರದೆ ಹತ್ತಿಯ ಉಂಡೆ ಮಾಡಿ ಮಾಡಿ ಡಬ್ಬಿ ತುಂಬಿಸಿದೆ.

ಜನರನ್ನು ಬೈಯಲೂ ಮನಸ್ಸಾಗುವುದಿಲ್ಲ. ಜೀವ ಅವರದು. ಪಟ್ಟಣದವರಿಗೆ ಡಾಕ್ಟರು, ನಮಗೆ ಮಾತ್ರ ನರ್ಸಾ ಅಂತ ಅವರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ನನಗೂ ಅದಕ್ಕೆ ಪೂರ್ತಿ ಉತ್ತರ ಗೊತ್ತಿಲ್ಲ. ಬಾರದ ಡಾಕ್ಟರಿಗಿಂತ ಇರುವ ನರ್ಸು ವಾಸಿ ಅನ್ನುವುದಷ್ಟೇ ನನ್ನ ವಾದ. ಮೊನ್ನೆ ದರ್ಜಿ ಅಮ್ಮ ಬಸುರಿ ಸೊಸೆಯನ್ನು ಕರೆದುಕೊಂಡು ಬಂದರು. "ನಗೋರು ನಗ್ಲಿ ಬಿಡಿ. ಗೊತ್ತಾಗ್ತಿಲ್ಲ ಅಂತ ಬಾಯ್ಬಿಟ್ಟು ಹೇಳಿದ್ರಲ್ಲ, ಅದಕ್ಕೇ ಬಂದೆ," ಅಂದರು. ಅವರು ಹೋದ ಮೇಲೆ ಒಳಗೆ ಹೋಗಿ ಸ್ವಲ್ಪ ಅತ್ತೆ. ಅಳು ಸಂತೋಷಕ್ಕೆ.

ಭಾವನಿಗೆ ನಮಸ್ಕಾರ ತಿಳಿಸು. ಮಕ್ಕಳಿಗೆ ಈ ಚಿಕ್ಕಮ್ಮನ ಆಶೀರ್ವಾದ, ಚೆನ್ನಾಗಿ ಓದಿಕೊಳ್ಳಲಿ. ನಿನ್ನ ಮಂಡಿ ನೋವಿಗೆ ಬಿಸಿ ಶಾಖ ಕೊಡುವುದನ್ನು ಬಿಡಬೇಡ.

ಇಂತಿ,
ನಿನ್ನ ಮೊಂಡಿ

ಮರೆತ ಮಾತು: ಮರೆತದ್ದೇನಲ್ಲ, ಬರೆಯಲು ಧೈರ್ಯವಿರಲಿಲ್ಲ. ಹೋದ ಮಂಗಳವಾರ ನಿಮ್ಮೂರಿಂದ ಪಟ್ಟಣಕ್ಕೆ ಹೋಗುವ ಬಸ್ಸು ಆಸ್ಪತ್ರೆಯ ಮುಂದೆ ನಿಂತಾಗ ನಾನು ಬಾಗಿಲಲ್ಲೇ ಇದ್ದೆ. ಕಿಟಕಿಯಲ್ಲಿ ನೀನು, ನಿನ್ನ ಹೆಗಲಿಗೆ ಒರಗಿ ಕೆಮ್ಮುತ್ತಿದ್ದ ಭಾವ. ಕೈ ಎತ್ತಿದೆ. ನೀನು ಆ ಕಡೆ ತಿರುಗಿಕೊಂಡೆ. ಈ ವಯಸ್ಸಿನಲ್ಲಿ ಮತ್ತೆ ಓದಾ ಅಂತ ಎಲ್ಲರೂ ನಕ್ಕಾಗ, ಹೋಗು ಅಂದವಳು ನೀನೊಬ್ಬಳೇ. ಭಾವನನ್ನು ದೊಡ್ಡ ಡಾಕ್ಟರಿಗೆ ತೋರಿಸಿದ್ದು ತಪ್ಪಲ್ಲ, ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೇನೋ. ನೀನು ಕೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅಂತ ಊರು ಅಂದರೆ ನುಂಗಿಕೊಳ್ಳುತ್ತೇನೆ. ಊರಿನವರು ಡಾಕ್ಟರ ಹೂಂಗೆ ಕಾಯಲಿ ಅಕ್ಕ. ನಾನು ಕಾಯುತ್ತಿದ್ದದ್ದು ನಿನ್ನದಕ್ಕೆ.