ಸಲೂನಿನ ನಡುವಿನ ಕುರ್ಚಿ

ಮಾರ್ಚ್ ೪, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ಮೆಲುದನಿಗೆ ನೀನೇ ಪಿಸು ಎಂದು ಹೆಸರಿಟ್ಟ ತಂಗಿ ಮಾಡುವ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ನೀನೂ ಭಾವನೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಪತ್ರ ಬರೆಯಲು ತಡವಾಯಿತು, ಬೈಯಬೇಡ. ಲಾಂಡ್ರಿಯ ದೊಡ್ಡ ಯಂತ್ರ ಕೆಟ್ಟು ಕೂತಿತ್ತು. ಆಸ್ಪತ್ರೆಯ ಹಾಸಿಗೆ ಬಟ್ಟೆಗಳನ್ನೆಲ್ಲ ಕೈಯಲ್ಲೇ ಒಗೆದು ಇಸ್ತ್ರಿ ಹಾಕಬೇಕಾಯಿತು. ಸಂಜೆ ಪೆನ್ನು ಹಿಡಿಯಲು ಹೋದರೆ ಬೆರಳು ಮಡಚುತ್ತಿರಲಿಲ್ಲ. ಇದು ಅರ್ಧ ನಿಜ. ಉಳಿದರ್ಧ ಏನೆಂದರೆ, ಈ ವಿಷಯವನ್ನು ನಿನಗೆ ಹೇಗೆ ಹೇಳುವುದೆಂದು ತಿಳಿಯದೆ ಸುಮ್ಮನಿದ್ದೆ.

ನಾನು ಸತ್ಯವೇದ ಕಲಿಯುವ ಬೈಬಲ್ ತರಗತಿಗೆ ಸೇರಿದ್ದೇನೆ. ಬರೀ ಓದುವುದಲ್ಲ, ಓದಿದ್ದನ್ನು ಬೇರೆಯವರಿಗೆ ಹೇಳುವುದು ಹೇಗೆಂದು ಕಲಿಸುವ ತರಗತಿ. ದಯವಿಟ್ಟು ಪತ್ರ ಹರಿಯಬೇಡ, ಪೂರ್ತಿ ಓದು. ನಿನ್ನ ಮಗು ಹುಟ್ಟಿದ ದಿನವೇ ಹೋದಾಗ ಚರ್ಚಿನ ಸಭೆಯವರು ಬಂದು, "ದೇವರಿಗೆ ಬೇಕಾಗಿತ್ತು, ಕರ್ಕೊಂಡ" ಎಂದರು. ನೀನು, "ಅವನಿಗೇನು ಮಕ್ಕಳಿಗೆ ಬರವಾ?" ಎಂದು ಕೇಳಿ ಬಾಗಿಲು ಹಾಕಿದೆ. ಅವತ್ತಿನಿಂದ ದೇವರ ಮಾತೆತ್ತಿದವರ ಮುಖ ನೀನು ನೋಡುವುದಿಲ್ಲ. ನನಗೆ ಎಲ್ಲ ನೆನಪಿದೆ. ಆದರೂ ಅಕ್ಕಾ, ಈ ಪುಸ್ತಕ ನನ್ನ ಎದೆಯ ಭಾರ ಇಳಿಸಿದೆ. ಊರಿಗೆಲ್ಲ ಸಾರುವ ಆಸೆ ನನಗಿಲ್ಲ, ಅಷ್ಟು ಗಂಟಲೂ ಇಲ್ಲ. ನಿನ್ನೊಬ್ಬಳಿಗೆ, ನೀನು ಬಾಗಿಲು ಹಾಕದ ಹಾಗೆ ಹೇಳಲು ಬಂದರೆ ಸಾಕು.

ತರಗತಿ ನಡೆಯುವುದು ಒಂದು ಸಲೂನಿನಲ್ಲಿ. ನಗು ಬಂತಲ್ಲ? ಸೋಮವಾರ ಅಂಗಡಿಗೆ ರಜೆ. ಅಂಗಡಿಯವನನ್ನು ನಾವು ಕತ್ತರಿಯಣ್ಣ ಎನ್ನುತ್ತೇವೆ. ಮಧ್ಯಾಹ್ನದ ಹೊತ್ತು ಅವನು ಶಟರನ್ನು ಸೊಂಟದವರೆಗೆ ಎತ್ತಿರುತ್ತಾನೆ, ನಾವು ಬಗ್ಗಿ ಒಳಗೆ ಹೋಗುತ್ತೇವೆ. ಕಲಿಸುವವರು ನರ್ಸಮ್ಮ, ನಮ್ಮ ಆಸ್ಪತ್ರೆಯಿಂದ ನಿವೃತ್ತರಾದವರು. ಕಲಿಯುವವರು ನಾನು, ಕತ್ತರಿಯಣ್ಣ ಮತ್ತು ಒಬ್ಬ ಬಸ್ ಕಂಡಕ್ಟರ್. ನಾನು ಸಾಲಿನ ಕೆಳಗೆ ಬೆರಳಿಟ್ಟುಕೊಂಡು ಓದುತ್ತೇನೆ. ಯಾರೂ ನಗುವುದಿಲ್ಲ. ಕಂಡಕ್ಟರು ಮಾತ್ರ, "ಸಿಸ್ಟರ್, ನಿಮ್ಮ ಗಾಡಿ ಎಲ್ಲ ಸ್ಟಾಪಲ್ಲೂ ನಿಲ್ಲುತ್ತೆ" ಎನ್ನುತ್ತಾನೆ.

ಎದುರಿಗೆ ಮುಖ ನೋಡಿ ಮಾತಾಡಲು ನನಗೆ ಆಗುವುದಿಲ್ಲವಲ್ಲ, ಅದಕ್ಕೆ ಕತ್ತರಿಯಣ್ಣ ಒಂದು ಉಪಾಯ ಹೇಳಿದ. "ನನ್ನ ಗಿರಾಕಿಗಳು ನನ್ನ ಮುಖ ನೋಡಿ ಏನೂ ಹೇಳಲ್ಲ. ಕನ್ನಡಿ ನೋಡ್ಕೊಂಡು ಎಲ್ಲ ಹೇಳ್ತಾರೆ. ಹಂಗೇ ಮಾಡೋಣ." ಈಗ ಹಾಗೆಯೇ ಮಾಡುತ್ತೇವೆ. ನಂಬದವರ ಪಾತ್ರ ಮಾಡುವವರು ನಡುವಿನ ಕುರ್ಚಿಯಲ್ಲಿ ಕೂರಬೇಕು. ಸುವಾರ್ತೆ ಹೇಳುವವರು ಹಿಂದೆ ನಿಲ್ಲಬೇಕು. ಇಬ್ಬರೂ ಕನ್ನಡಿಯೊಳಗೇ ಒಬ್ಬರನ್ನೊಬ್ಬರು ನೋಡಬೇಕು. ಕೂತವರ ಕೈ ಚಡಪಡಿಸಬಾರದೆಂದು ಕತ್ತರಿಯಣ್ಣ ಕುತ್ತಿಗೆಗೆ ಬಿಳಿ ಬಟ್ಟೆ ಕಟ್ಟುತ್ತಾನೆ. ಕನ್ನಡಿಯಲ್ಲಿ ತಲೆ ಒಂದೇ ತೇಲುತ್ತಿರುತ್ತದೆ. ಮೊದಲ ದಿನ ನನ್ನ ತಲೆ ಕಂಡು ನಾನೇ ಹೆದರಿದೆ.

ಹೇಳಲು ಬಾಯಿ ಬರದ ಕಾರಣ ಕೂರುವ ಕೆಲಸ ಯಾವಾಗಲೂ ನನ್ನದೇ. ನೀನಾಗಿದ್ದರೆ ಏನು ಕೇಳುತ್ತಿದ್ದೆ ಎಂದು ಯೋಚಿಸಿ ಅದನ್ನೇ ಕೇಳುತ್ತೇನೆ. ಕಂಡಕ್ಟರಿಗೆ ಬೆವರು ಬರುತ್ತದೆ. "ಇಂಥ ಪ್ಯಾಸೆಂಜರ್ ನನ್ನ ಬಸ್ಸಿಗೆ ಬೇಡಪ್ಪ" ಎನ್ನುತ್ತಾನೆ.

ನಿನ್ನೆ ಒಂದು ವಿಚಿತ್ರವಾಯಿತು. ಕಂಡಕ್ಟರು ಹೇಳುತ್ತಿದ್ದಾಗ ನಾನು ನಡುವೆ, "ಬಾಗಿಲು ಹಾಕು, ಬೆನ್ನಿಗೆ ಗಾಳಿ ಬರ್ತಿದೆ" ಎಂದುಬಿಟ್ಟೆ. ಸಲೂನಿಗೆ ಬಾಗಿಲೇ ಇಲ್ಲ. ಗಾಳಿಗೆ ಬೀದಿಯ ಧೂಳು ಬರುತ್ತದೆಂದು ಆಗ ಶಟರನ್ನೂ ಪೂರ್ತಿ ಇಳಿಸಿದ್ದರು. ಯಾಕೆ ಹಾಗಂದೆನೋ ಗೊತ್ತಿಲ್ಲ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ,
ಪಿಸು


ಮಾರ್ಚ್ ೨೫, ಮಂಗಳವಾರ

ಪ್ರೀತಿಯ ಅಕ್ಕನಿಗೆ,

ನಿನ್ನಿಂದ ಉತ್ತರ ಬರಲಿಲ್ಲ. ಹರಿದು ಹಾಕಿದೆಯೋ, ತೆಗೆದಿಟ್ಟಿದ್ದೀಯೋ. ಎರಡೂ ನಿನ್ನಿಷ್ಟ. ಆದರೆ ನಿನ್ನೆ ನಡೆದದ್ದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಪಾಠ ಒಂದು ಸಮಾಧಿಯದು. ಸತ್ತು ನಾಲ್ಕು ದಿನವಾಗಿದ್ದ ಗೆಳೆಯನನ್ನು ಯೇಸು ಹೆಸರು ಹಿಡಿದು ಕೂಗಿ ಎಬ್ಬಿಸಿದ ಕಥೆ. ನಾನು ಕೂತಿದ್ದೆ. ಕಂಡಕ್ಟರು ಹಿಂದೆ ನಿಂತು ಚೆನ್ನಾಗಿಯೇ ಹೇಳುತ್ತಿದ್ದ. ಕಲ್ಲು ಸರಿಸಿದರು, ಹೆಸರು ಹಿಡಿದು ಕೂಗಿದ, ಸತ್ತವನು ಎದ್ದು ಬಂದ ಎಂದು ಕೈ ಬೀಸಿ ಹೇಳಿ, "ನೀವು ಇದನ್ನ ನಂಬ್ತೀರಾ ಸಿಸ್ಟರ್?" ಎಂದು ಕೇಳಿದ.

ನಾನು ಕೇಳಬೇಕೆಂದುಕೊಂಡಿದ್ದ ಪ್ರಶ್ನೆ ಬೇರೆ ಇತ್ತು. ಅದು ಬರಲಿಲ್ಲ. "ಹೆಸರೇ ಇಡದ ಮಗೂನ ಅವನು ಏನಂತ ಕೂಗ್ತಾನೆ?" ಎಂದು ಬಂತು.

ಅಕ್ಕಾ, ಆ ದನಿ ನನ್ನದಲ್ಲ. ಹೊಲಿಯುವಾಗ ಹಲ್ಲಿನ ನಡುವೆ ಗುಂಡುಸೂಜಿ ಕಚ್ಚಿಕೊಂಡು ಮಾತಾಡುತ್ತೀಯಲ್ಲ, ಆ ದನಿ. ನನ್ನ ಹಲ್ಲೂ ಕೂಡಿಕೊಂಡೇ ಇದ್ದವು. ಕನ್ನಡಿ ನೋಡಿದೆ. ನಾವು ಅಕ್ಕತಂಗಿಯರು, ಒಂದೇ ಹಣೆ, ಒಂದೇ ಮೂಗು, ನಿಜ. ಆದರೆ ನನ್ನ ಮುಖ ನನಗೆ ಗೊತ್ತಿಲ್ಲವೇ? ಬಟ್ಟೆಯ ಮೇಲೆ ಇದ್ದದ್ದು ನಿನ್ನ ಮುಖ. ಕಣ್ಣಿನ ಕೆಳಗೆ ಕಪ್ಪಾಗಿತ್ತು. ನೀನು ಇಷ್ಟು ಬಡವಾಗಿದ್ದೀಯೆಂದು ನನಗೆ ತಿಳಿದಿರಲಿಲ್ಲ.

ಕಂಡಕ್ಟರು ಕುರ್ಚಿಯಿಂದ ಎರಡು ಹೆಜ್ಜೆ ಹಿಂದೆ ಸರಿದ. ನರ್ಸಮ್ಮ, "ಮಗಳೇ, ಇಂಥ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರ ಇದೆ, ಹುಡುಕೋಣ" ಎಂದು ಹಾಳೆ ತಿರುಗಿಸತೊಡಗಿದರು.

ಕತ್ತರಿಯಣ್ಣ ಮಾತ್ರ ಕನ್ನಡಿಯಿಂದ ಕಣ್ಣು ತೆಗೆಯಲಿಲ್ಲ. ಮೆಲ್ಲಗೆ ಬಂದು ನನ್ನ ಕುತ್ತಿಗೆಯ ಗಂಟು ಬಿಚ್ಚಿದ. ಒಂದು ಟವೆಲು ತಂದು ಕನ್ನಡಿಗೆ ಹೊದಿಸಿದ. ಆಮೇಲೆ ನನ್ನನ್ನು ಹೊರಗೆ ಕರೆದು, "ತಂಗಿ, ಹೆದರಬೇಡ. ಈ ಕನ್ನಡೀಲಿ ಎಷ್ಟೋ ಸಾವಿರ ಮುಖ ನೋಡಿದೀನಿ. ನೀನು ಮಾತು ನಿಲ್ಲಿಸಿದ ಮೇಲೂ ಒಳಗಡೆ ತುಟಿ ಅಲ್ಲಾಡ್ತಿತ್ತು. ಯಾರಮ್ಮ ಅದು?" ಎಂದ.

"ನಮ್ಮಕ್ಕ" ಎಂದೆ.

"ಬದುಕಿದಾರಾ?"

"ಬದುಕಿದಾಳೆ ಕತ್ತರಿಯಣ್ಣ. ಅಂಗಿಗಳಿಗೆ ಕಾಜಾ ಹೊಲಿದು, ಗುಂಡಿ ಹಚ್ತಾಳೆ."

ಅವನು ಒಳಗಿನ ಕನ್ನಡಿಯ ಕಡೆ ತಿರುಗಿ, "ಸತ್ತಿದ್ರೆ ಇಷ್ಟು ಭಯ ಆಗ್ತಿರಲಿಲ್ಲ" ಎಂದ.

ನೀನು ಚೆನ್ನಾಗಿದ್ದೀಯಾ? ಅಷ್ಟು ಒಂದು ಸಾಲು ಬರೆದು ಹಾಕು. ಬೇರೆ ಏನೂ ಬೇಡ.

ನಿನ್ನ,
ಪಿಸು


ಏಪ್ರಿಲ್ ೧೫, ಮಂಗಳವಾರ

ನನ್ನ ಅಕ್ಕನಿಗೆ,

ಈ ಸಲದ ತಡಕ್ಕೆ ಯಂತ್ರವೂ ಕಾರಣವಲ್ಲ, ನಾಚಿಕೆಯೂ ಅಲ್ಲ. ಭಾವನ ಕಾರ್ಡು ಕಾರಣ. ನೀನೂ ಓದಿರುತ್ತೀಯ, ಆದರೂ ಅವರು ಬರೆದದ್ದನ್ನು ಇಲ್ಲಿಡುತ್ತೇನೆ: "ನಿಮ್ಮಕ್ಕ ಸೋಮವಾರ ಮಧ್ಯಾಹ್ನವಾದರೆ ಹೊಲಿಗೆ ಪಕ್ಕಕ್ಕಿಟ್ಟು ಬೀರುವಿನ ಕನ್ನಡಿ ಮುಂದೆ ಕೂರುತ್ತಾಳೆ. ಬಿಳಿ ಬಟ್ಟೆ ಕುತ್ತಿಗೆವರೆಗೆ ಹೊದ್ದುಕೊಂಡು ಯಾರಿಗೋ ಉತ್ತರ ಕೊಡುತ್ತಾಳೆ. ಗಾಳಿ ಬರುತ್ತದೆ ಬಾಗಿಲು ಹಾಕು ಎಂದು ನನಗೆ ಹೇಳುತ್ತಾಳೆ. ಇದು ಶುರುವಾದಾಗ ನಿನ್ನ ಮೊದಲ ಪತ್ರ ಇನ್ನೂ ನಮ್ಮ ಕೈ ಸೇರಿರಲಿಲ್ಲ."

ಅದರ ಕೆಳಗೆ ನಿನ್ನ ಅಕ್ಷರದಲ್ಲಿ, "ಪಿಸು, ನಿಲ್ಲಿಸು."

ನಿಲ್ಲಿಸುವುದೆಂದು ನಿರ್ಧರಿಸಿದೆ. ಕಾರ್ಡು ತೋರಿಸಿದಾಗ ನರ್ಸಮ್ಮನೂ, "ಇದು ನಮ್ಮ ಕೈ ಮೀರಿದ್ದು ಮಗಳೇ. ಪ್ರಾರ್ಥನೆ ಮಾಡಿ ದೇವರಿಗೆ ಬಿಡೋಣ. ಮುಂದಿನ ವಾರದಿಂದ ನಮ್ಮನೆಯಲ್ಲಿ ಸೇರೋಣ" ಎಂದರು. ಕಂಡಕ್ಟರಂತೂ ಕನ್ನಡಿಗೆ ಬೆನ್ನು ಹಾಕಿಯೇ ಕೂತಿದ್ದ. "ನಾನು ಕ್ಷೌರಕ್ಕೂ ಬೇರೆ ಕಡೆ ಹೋಗ್ತೀನಪ್ಪ" ಎಂದ. ಯಾರೂ ನಗಲಿಲ್ಲ.

ಆದರೆ ಆ ಪಾಠ ನನ್ನನ್ನು ಬಿಡಲಿಲ್ಲ. ಇಸ್ತ್ರಿ ಮೇಜಿನ ಮೂಲೆಯಲ್ಲಿ ಪುಸ್ತಕ ತೆರೆದಿಟ್ಟು ಬಿಡುವಾದಾಗಲೆಲ್ಲ ಬೆರಳಿಟ್ಟು ಓದಿದೆ. ಎಲ್ಲ ಸ್ಟಾಪಲ್ಲೂ ನಿಲ್ಲುವ ಗಾಡಿಯಲ್ಲವೇ, ಹಾಗಾಗಿ ಒಂದು ಕಡೆ ನಿಂತೆ. ಕೂಗಿ ಎಬ್ಬಿಸುವುದಕ್ಕೆ ಮುಂಚೆ ಯೇಸು ಅಳುತ್ತಾನೆ ಅಕ್ಕಾ. ಎಬ್ಬಿಸುತ್ತೇನೆಂದು ಗೊತ್ತಿದ್ದವನು, ಎಬ್ಬಿಸುವ ಶಕ್ತಿ ಇದ್ದವನು, ಅವಸರ ಮಾಡದೆ ನಿಂತು ಅಳುತ್ತಾನೆ. ನಮ್ಮ ತರಗತಿಯಲ್ಲಿ ಅಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ಎಲ್ಲರಿಗೂ ಸತ್ತವನು ಎದ್ದು ಬರುವ ಕಡೆಗೆ ಓಡುವ ಅವಸರ. ನಿನ್ನ ಮನೆಗೆ ಬಂದವರೂ ಹಾಗೆಯೇ ಓಡಿದ್ದರು.

ಇಷ್ಟನ್ನು ಹೇಳದೆ ನಿಲ್ಲಿಸಲು ಆಗಲಿಲ್ಲ, ಕ್ಷಮಿಸು. ನಿನ್ನೆ ಸಲೂನಿಗೆ ಹೋದೆ. ಕತ್ತರಿಯಣ್ಣ ಒಬ್ಬನೇ ನೆಲ ಗುಡಿಸುತ್ತಿದ್ದ. "ಇವತ್ತು ನಾನು ಕೂರಲ್ಲ. ನಿಂತ್ಕೊಂಡು ಹೇಳ್ತೀನಿ" ಎಂದೆ.

"ಕೂರೋರು ಯಾರು?"

"ನೀವು ಬಟ್ಟೆ ಹಾಕಿ, ಸಾಕು."

ಅವನು ನನ್ನ ಮುಖ ನೋಡಿದ. ಬೇಡ ಎನ್ನಲಿಲ್ಲ. ಖಾಲಿ ಕುರ್ಚಿಯ ಮೇಲೆ ಬಿಳಿ ಬಟ್ಟೆ ಹರಡಿ, ಟವೆಲು ತೆಗೆದು, ದೂರದ ಬೆಂಚಿನಲ್ಲಿ ಹೋಗಿ ಕೂತ.

ನೀನಿದ್ದೆ. ಕನ್ನಡಿಯ ಒಳಗಡೆ ಬಟ್ಟೆ ತುಂಬಿಕೊಂಡಿತ್ತು, ಭುಜ ಕಾಣುತ್ತಿತ್ತು. ಈಚೆ ಕುರ್ಚಿಯಲ್ಲಿ ಬಟ್ಟೆ ಚಪ್ಪಟೆಯಾಗಿ ಬಿದ್ದಿತ್ತು. ನಾನು ಕುರ್ಚಿ ನೋಡಲಿಲ್ಲ, ನಿನ್ನನ್ನೇ ನೋಡಿದೆ. ಜೀವನದಲ್ಲಿ ಮೊದಲ ಸಲ ನನ್ನ ದನಿ ಪಿಸುಗುಡಲಿಲ್ಲ. ಆ ಕಥೆ ಹೇಳಿದೆ. ಅವನು ಅಳುವಲ್ಲಿಗೆ ಬಂದು ನಿಲ್ಲಿಸಿದೆ. "ಅಕ್ಕಾ, ಮಗು ಎಲ್ಲಿದೆ, ಅವನು ಏನಂತ ಕೂಗ್ತಾನೆ ಅಂತ ನಂಗೆ ಗೊತ್ತಿಲ್ಲ. ಪುಸ್ತಕದಲ್ಲಿ ಇನ್ನೂ ಹುಡುಕ್ತಾ ಇದೀನಿ. ಆದರೆ ಅವನು ನಿನ್ನ ಹತ್ತಿರ ಬಂದಿದ್ರೆ, ಮೊದಲು ಕೂತ್ಕೊಂಡು ಅಳ್ತಿದ್ದ. ಅದನ್ನ ನಂಬ್ತೀನಿ" ಎಂದೆ.

ನೀನು ಹಲ್ಲಿನಿಂದ ಒಂದೊಂದೇ ಸೂಜಿ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ಆಮೇಲೆ ತೆರೆದ ಬಾಯಿಂದ ಒಂದೇ ಒಂದು ಪ್ರಶ್ನೆ ಕೇಳಿದೆ. ನಾನು ಇಷ್ಟು ದಿನ ಓದಿ, ಕಲಿತು, ತಯಾರಾದ ಯಾವ ಪ್ರಶ್ನೆಯೂ ಅದಲ್ಲ. ಉತ್ತರ ಹೇಳುವಷ್ಟರಲ್ಲಿ ಕನ್ನಡಿಯಲ್ಲಿ ಬಟ್ಟೆ ಮೆಲ್ಲಗೆ ಕುಸಿಯಿತು.

ಕತ್ತರಿಯಣ್ಣ ಎದ್ದು ಬಂದು ಕುರ್ಚಿಯ ಮೇಲಿನ ಬಟ್ಟೆ ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಂಡ. "ನೀನೇ ನೋಡು ತಂಗಿ" ಎಂದ. ಬಟ್ಟೆ ಬೆಚ್ಚಗಿತ್ತು. ನಾನು ದಿನವೂ ಬಟ್ಟೆ ಮುಟ್ಟುವವಳು. ಇಸ್ತ್ರಿಯ ಬಿಸಿ ಯಾವುದು, ಬಿಸಿಲಿನ ಬಿಸಿ ಯಾವುದು, ಈಗಷ್ಟೇ ಎದ್ದು ಹೋದ ಮನುಷ್ಯರ ಮೈಯ ಬಿಸಿ ಯಾವುದು ಎಂದು ಈ ಕೈಗೆ ಗೊತ್ತು.

ಇನ್ನು ಆ ಕುರ್ಚಿಯ ಹತ್ತಿರ ಹೋಗುವುದಿಲ್ಲ. ನಿನ್ನ ಮಾತು ನಡೆಸಿಕೊಡುತ್ತೇನೆ. ತರಗತಿಯವರು ನಿನಗಾಗಿ ಪ್ರಾರ್ಥಿಸುತ್ತಿದ್ದಾರೆ, ಕಂಡಕ್ಟರೂ ಕೂಡ. ನೀನು ಹೊಲಿಯುವಾಗ ದೀಪ ಹತ್ತಿರ ಇಟ್ಟುಕೋ, ಕಣ್ಣು ಹಾಳು ಮಾಡಿಕೊಳ್ಳಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಚಿಕ್ಕವಳು ನಾನು, ಹರಸುವ ಹಾಗಿಲ್ಲ. ಆದರೂ ದೇವರ ಕೈ ನಿನ್ನ ತಲೆಯ ಮೇಲಿರಲಿ, ನಿನಗೆ ನಿದ್ದೆ ಬರಲಿ.

ನಿನ್ನ,
ಪಿಸು

ಇನ್ನೊಂದು ಮಾತು:

"ಅವಳು ಯಾರ ಹಂಗಿದ್ದಳು?" ಎಂದು ನೀನು ನಿನ್ನೆ ಕನ್ನಡಿಯೊಳಗಿಂದ ಕೇಳಿದೆ.

ಅವತ್ತು ಆಸ್ಪತ್ರೆಯಲ್ಲಿ ನಿನಗೆ ಮುಖ ತೋರಿಸಲಿಲ್ಲ. ನೋಡಿದರೆ ಮರೆಯುವುದಿಲ್ಲ, ತೋರಿಸಬೇಡಿ ಎಂದು ಹಿರಿಯರು ಹೇಳಿದರು. ಭಾವನೂ ನೋಡಲಿಲ್ಲ, ಅವರಿಗೆ ಧೈರ್ಯ ಬರಲಿಲ್ಲ. ಸುತ್ತಿದ ಮಗುವನ್ನು ನನ್ನ ಕೈಯಲ್ಲಿ ಕೊಟ್ಟರು. ಮಣ್ಣು ಮಾಡಲು ಹೋಗುವ ದಾರಿಯುದ್ದಕ್ಕೂ ನಾನು ನೋಡಿದೆ. ಆಮೇಲೆ ಯಾರೂ ನನ್ನನ್ನು ಕೇಳಲಿಲ್ಲ. ಕೇಳದೆ ಹೇಳುವ ಬಾಯಿ ನನಗೆಲ್ಲಿದೆ?

ಅಕ್ಕಾ, ಅವಳು ನಿನ್ನ ಹಾಗಿದ್ದಳು. ಸೂಜಿಗೆ ದಾರ ಪೋಣಿಸುವಾಗ ನೀನು ಕೆಳತುಟಿ ಒಳಗೆ ಎಳೆದುಕೊಳ್ಳುತ್ತೀಯಲ್ಲ, ಹಾಗೆಯೇ ಎಳೆದುಕೊಂಡಿದ್ದಳು. ಹುಬ್ಬು ಭಾವನದು, ಆಗಲೇ ದಟ್ಟ. ಬಲಗಿವಿ ತುದಿಯಲ್ಲಿ ಚೂರು ಮಡಚಿತ್ತು. ತಲೆತುಂಬ ಕೂದಲು, ಹಿಂದೆ ಕುತ್ತಿಗೆಯವರೆಗೆ. ಉಗುರೂ ಬೆಳೆದಿತ್ತು. ಮುಖದಲ್ಲಿ ನೋವಿರಲಿಲ್ಲ.

ಇನ್ನೂ ಇದೆ. ಶನಿವಾರ ರಜೆ ಕೇಳಿದ್ದೇನೆ. ಬಂದು ಎದುರಿಗೆ ಕೂತು, ನಿನ್ನ ಮುಖ ನೋಡಿಯೇ ಹೇಳುತ್ತೇನೆ.